ಕಾಗದ ಬಿಟ್ಟ ಗಳಿಗೆ

ಹಳದಿ, ಅರಿಶಿನವೇ ಸರಿ, ಆದರೆ ಸುಣ್ಣ ಬಿದ್ದಿಲ್ಲ, ಸುಣ್ಣ ಬಿದ್ದಿದ್ದರೆ ಕೆಂಪಗಾಗಿರುತ್ತಿತ್ತು, ಹಾಗಾದರೆ ಹರಳೆಣ್ಣೆಯಲ್ಲಿ ಕಲಸಿದ್ದು, ಅದಕ್ಕೇ ಹವಾಯಿ ಚಪ್ಪಲಿಯ ಪಟ್ಟಿಯ ಸುತ್ತ ಅಷ್ಟೊಂದು ಜಿಡ್ಡು — ಅಕ್ತರ್ ಗೋಣಿಚೀಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾನೆ, ನೋಡಬೇಕಾದದ್ದು ಮುಂದಿರುವ ಯೆಜ್ಡಿಯ ಇಂಜಿನ್, ನೋಡುತ್ತಿರುವುದು ಗಾಡಿಯ ಅಡಿಯಿಂದ ಕಾಣುವ ಆಚೆ ಬದಿಯ ಕಾಲು, ವೆಂಕಟಸ್ವಾಮಿಯವರ ಎಡಗಾಲು, ಹರಡು ಬನ್ನಿನ ಹಾಗೆ ಉಬ್ಬಿದೆ, ಹೆಬ್ಬೆರಳಿನವರೆಗೂ ಹಳದಿ. ಅವರ ಹೆಂಡತಿ ಮುನಿವೆಂಕಟಮ್ಮ ಹಚ್ಚಿರಬೇಕು, ಮನೆಯಲ್ಲಿ ಎಲೆಅಡಿಕೆ ಹಾಕುವವರು ಯಾರೂ ಉಳಿಯದೆ ಸುಣ್ಣ ಸಿಗಲಿಲ್ಲವೋ, ಅಥವಾ ಗರುಡಾಚಾರ್‌ಪಾಳ್ಯದ ಕಡೆ ಉಳುಕಿಗೆ ಹರಳೆಣ್ಣೆಯೇ ಪದ್ಧತಿಯೋ, ಕೇಳಬೇಕು ಅನ್ನಿಸುತ್ತದೆ, ಕೇಳಿದರೆ ಕಾಲಿನ ಮಾತು ಬರುತ್ತದೆ, ಕಾಲಿನ ಮಾತು ಬಂದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೋ, ಬೇಡ. ಬೇಡವೆಂದರೂ ಅವರೇ ಶುರು ಮಾಡಿದ್ದರಲ್ಲ. ಬೆಳಿಗ್ಗೆ ಹತ್ತಕ್ಕೆ ಲಗೇಜ್ ಆಟೊದಲ್ಲಿ ಗಾಡಿ ಹಾಕಿಸಿಕೊಂಡು, ಕೆ.ಆರ್. ಪುರ ದಾಟಿ, ಹಲಸೂರು ದಾಟಿ, ಶಿವಾಜಿನಗರದ ಈ ಗಲ್ಲಿಯವರೆಗೂ ಡ್ರೈವರ್ ಪಕ್ಕದಲ್ಲಿ ಕಾಲು ಚಾಚಿಕೊಂಡು ಬಂದವರು ಇಳಿಯುವ ಮೊದಲೇ ಅಂದರು, ಭಾಯ್, ತಪ್ಪು ನಂದೇ ಕಣಯ್ಯ, ಕಿಕ್ಕರ್ ಅರ್ಧಕ್ಕೇ ಬಿಟ್ಬಿಟ್ಟೆ, ತಿರುಗಿ ಹೊಡೀತು, ಅರವತ್ತೆಂಟಾಯ್ತಲ್ಲ, ಕಾಲಲ್ಲಿ ದಮ್ಮಿಲ್ಲ ಇನ್ನು, ಗಾಡಿದೇನ್ ತಪ್ಪು. ಅಕ್ತರ್ ಗಾಡಿಗೆ ಕಟ್ಟಿದ್ದ ಹಗ್ಗ ಬಿಚ್ಚತೊಡಗಿದ. ಮಾರ್ಬಿಟ್ಟೆ ಅಂದರು. ಇಂದಿರಾನಗರದಲ್ಲಿ ಯಾರೋ ಕಾಫಿ ಅಂಗಡಿ ಇಟ್ಟವ್ನಂತೆ, ಅವನಿಗೆ ಬೇಕಂತೆ, ಓಡ್ಸೋಕಲ್ಲ, ಗೋಡೆಗೆ ನೇತಾಕೋಕೆ, ನಾಕ್ ಗಂಟೆಗೆ ಇಲ್ಲಿಗೇ ಟೆಂಪೊ ಕಳಿಸ್ತಾನೆ, ಅಷ್ಟರಲ್ಲಿ ಒಂದ್ಸಲ ಸ್ಟಾರ್ಟ್ ಮಾಡ್ಕೊಡು, ಸತ್ತ್ ಗಾಡಿ ಕೊಟ್ಟೆ ಅಂತ ಆಗ್ಬಾರ್ದು. ಗೋಡೆಗೆ ಯೆಜ್ಡಿಯನ್ನು ಹೇಗೆ ನೇತುಹಾಕುತ್ತಾರೆ, ಎಷ್ಟು ದಪ್ಪದ ಮೊಳೆ ಬೇಕು, ಎಣ್ಣೆ ಪೂರ್ತಿ ಬಸಿಯುತ್ತಾರೋ ಇಲ್ಲವೋ, ಬಸಿಯದಿದ್ದರೆ ಕಾಫಿ ಕುಡಿಯುವವರ ತಲೆಯ ಮೇಲೆ ತೊಟ್ಟಿಕ್ಕುತ್ತದೆ, ಹಾಗೇ ಆಗಲಿ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುತ್ತಾರೆ, ಇಲ್ಲಿ ಕೋತಿಗೆ ಅಷ್ಟು ಕಷ್ಟವೂ ಇಲ್ಲ, ಮೇಕೆಯೇ ಆಟೊ ಮಾಡಿಕೊಂಡು ಬಂದು, ಬಾಯಿಗೆ ತಾನೇ ಮೊಸರು ಬಳಿದುಕೊಂಡು, ನಾನೇ ತಿಂದೆ ಕಣಯ್ಯ ಅನ್ನುತ್ತಿದೆ. ಕೋತಿ ಗೋಣಿಚೀಲದ ಮೇಲೆ ಕೂತು ಸ್ಪ್ಯಾನರ್ ಹುಡುಕುತ್ತಿದೆ.

ಸ್ಪ್ಯಾನರ್ ಕೈಯಲ್ಲೇ ಇತ್ತು, ಕೈಯಲ್ಲಿದ್ದದ್ದು ಗೊತ್ತಾಗಲಿಲ್ಲ, ಇದೇ, ಇದೇ ನೋಡು, ಇದೇ ಎಲ್ಲದರ ಮೂಲ. ಟೈಮಿಂಗ್ ಅಂದರೆ ದೊಡ್ಡ ವಿದ್ಯೆಯೇನಲ್ಲ, ಪಿಸ್ಟನ್ ಮೇಲಕ್ಕೆ ಬರುತ್ತಿರುತ್ತದೆ, ತುದಿ ಮುಟ್ಟಲು ಇನ್ನು ಮೂರು ಮಿಲಿಮೀಟರ್ ಇದೆ ಎನ್ನುವಾಗ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು, ಐದು ಇರುವಾಗಲೇ ಹಾರಿತೋ, ಬೆಂಕಿ ಪಿಸ್ಟನ್ನಿಗೆ ಎದುರಿಂದ ಗುದ್ದಿ ಬಂದ ದಾರಿಗೇ ಅಟ್ಟುತ್ತದೆ, ಕಿಕ್ಕರ್ ತಿರುಗಿ ಕಾಲಿಗೆ ಹೊಡೆಯುತ್ತದೆ. ಬಲವಾಗಿ ತುಳಿದರೆ ಒಮ್ಮೊಮ್ಮೆ ಹೇಗೋ ದಾಟಿಕೊಂಡು ಸ್ಟಾರ್ಟ್ ಆಗಿಬಿಡುತ್ತದೆ, ಕಳೆದ ಗುರುವಾರ ಅಕ್ತರ್ ತುಳಿದಾಗ ಆಗಿತ್ತು, ತಗೊಳ್ಳಿ ಸ್ವಾಮಣ್ಣ, ಇನ್ನಾರು ತಿಂಗಳು ಈ ಕಡೆ ತಲೆ ಹಾಕ್ಬೇಡಿ ಎಂದು ಜಂಬದಿಂದ ಕಳಿಸಿದ್ದ, ಮಾರನೆಯ ಬೆಳಿಗ್ಗೆ ತಣ್ಣಗಿದ್ದ ಇಂಜಿನ್ನಿಗೆ ಅವರು ಮೆತ್ತಗೆ ತುಳಿದರು, ಹೊಡೆಯಿತು. ಇವತ್ತು ಗಾಡಿ ಇಳಿದ ಕೂಡಲೇ ಕವರ್ ಬಿಚ್ಚಿ, ಪ್ಲಗ್ ತೆಗೆದು, ಅರದಲ್ಲಿ ಗೀಟು ಹಾಕಿದ ಸೈಕಲ್ ಸ್ಪೋಕನ್ನು ಆ ತೂತಿನೊಳಗೆ ಇಳಿಸಿ ಅಳತೆ ನೋಡಿದ, ಮೊಬೈಲಿನ ಟಾರ್ಚ್ ಬಿಟ್ಟ, ಐದರಲ್ಲೇ ಪಾಯಿಂಟ್ ಬಾಯಿ ಬಿಟ್ಟುಕೊಂಡಿತ್ತು, ಮೂರಲ್ಲ ಐದು, ನಲವತ್ತು ವರ್ಷದಲ್ಲಿ ಅಕ್ತರ್ ಕಾಲು ಮಿಲಿಮೀಟರ್ ಕೂಡ ತಪ್ಪಿದವನಲ್ಲ. ಪಾಯಿಂಟ್ ಅಂದರೆ ಎರಡು ಉದ್ದಿನಕಾಳಿನಷ್ಟು ಲೋಹದ ಚುಕ್ಕೆಗಳು, ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಟ್ಟ ಗಳಿಗೆಯಲ್ಲೇ ಕಿಡಿ. ಬಿಟ್ಟದ್ದು ಕಣ್ಣಿಗೆ ಕಾಣುವ ಹೊತ್ತಿಗೆ ಆಗಲೇ ತಡ, ಅದಕ್ಕೆ ಉಸ್ತಾದ್ ಕಲಿಸಿದ್ದು ಕಾಗದ, ಸಿಗರೇಟ್ ಪ್ಯಾಕಿನೊಳಗಿನ ತೆಳ್ಳನೆಯದು, ಉಗುರಿನಗಲ ಹರಿದು ಆ ಎರಡರ ನಡುವೆ ಸಿಗಿಸಿ, ಎರಡು ಬೆರಳಲ್ಲಿ ಹಿಡಿದು ಎಳೆಯೂ ಎಳೆಯದ ಹಾಗೆ ಎಳೆಯುತ್ತ, ಇನ್ನೊಂದು ಕೈಯಲ್ಲಿ ಪಾಯಿಂಟ್ ಕೂತಿರುವ ಪ್ಲೇಟು ಸರಿಸುತ್ತ ಹೋಗಬೇಕು, ಕಾಗದ ಸಡಿಲವಾಯಿತು ಅನ್ನಿಸಿದ ಕಡೆ ನಿಲ್ಲಬೇಕು, ಅಲ್ಲಿಗೆ ತಿರುಪು ಬಿಗಿಯಬೇಕು. ಕಣ್ಣು ಸುಳ್ಳು ಹೇಳ್ತದೆ ಮಿಯಾ, ಬೆರಳಿಗೆ ಸುಳ್ಳು ಬರಲ್ಲ ಅನ್ನುತ್ತಿದ್ದರು ಉಸ್ತಾದ್. ಗಲ್ಲಿಯ ಉಳಿದವರೆಲ್ಲ ಬಲ್ಬು ಹಚ್ಚಿ ನೋಡುತ್ತಾರೆ, ಪಾಯಿಂಟ್ ಬಿಟ್ಟರೆ ಬಲ್ಬು ಉರಿಯುತ್ತದೆ, ಸುಲಭ, ಮಕ್ಕಳೂ ಮಾಡಬಹುದು, ಅದಕ್ಕೇ ಅಕ್ತರ್ ಅವರನ್ನೆಲ್ಲ ಸೀರಿಯಲ್ ಸೆಟ್ ಕಟ್ಟುವವರು ಎಂದು ಆಡಿಕೊಂಡು ನಕ್ಕಿದ್ದ, ಒಂದು ದಿನವಲ್ಲ, ನಲವತ್ತು ವರ್ಷ ನಕ್ಕಿದ್ದ. ಇವತ್ತು ಎದುರಂಗಡಿಗೆ ಹೋಗಿ ಬಲ್ಬು ಕೊಡಪ್ಪ ಎಂದರೆ ಮಧ್ಯಾಹ್ನದೊಳಗೆ ಕ್ವೀನ್ಸ್ ರೋಡಿನವರೆಗೂ ಸುದ್ದಿ, ಅಕ್ತರ್ ಭಾಯ್ ಬಲ್ಬು ಕೇಳಿದನಂತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಬಲ್ಬಿಗೆ ಹೋದದ್ದು ಬರುತ್ತದೆಯೇ.

ಯಾವತ್ತು ಹೋದವು ಈ ಬೆರಳು, ಅದೇ ತಿಳಿಯುತ್ತಿಲ್ಲ, ಅದೇ ಸೋಜಿಗ, ಹಲ್ಲು ಹೋದರೆ ಗೊತ್ತಾಗುತ್ತದೆ, ಕೂದಲು ಹೋದರೆ ಗೊತ್ತಾಗುತ್ತದೆ, ಸ್ಪರ್ಶ ಹೋದದ್ದು ತಿಳಿಯಬೇಕಾದರೆ ಸ್ಪರ್ಶವೇ ಇರಬೇಕಲ್ಲ. ಬಿಸಿ ಚಹಾ ಲೋಟವನ್ನು ಅಂಚಿನಲ್ಲಿ ಹಿಡಿಯದೆ ನಡುವಿನಲ್ಲಿ ಹಿಡಿದು ಕುಡಿಯುತ್ತಿದ್ದಾಗ ಹೆಂಡತಿ ಗುಲ್ಷನ್ ಅಂದಿದ್ದಳು, ಅರೆ, ಕೈ ಸುಡಲ್ವಾ ನಿಮ್ಗೆ, ಅದಕ್ಕಿವನು, ಮೆಕ್ಯಾನಿಕ್ ಕೈ, ದಪ್ಪಗಿದೆ ಅಂದಿದ್ದ, ಅಂದು ಹೆಮ್ಮೆಪಟ್ಟಿದ್ದ ಕೂಡ. ಈ ಸೋಮವಾರ ಫ್ರೇಜರ್ ಟೌನಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಮೆಹ್ವಿಶ್, ಇನ್ನೂ ಹುಡುಗಿ, ಮೀನು ಹಿಡಿಯುವ ದಾರದಂಥ ನೈಲಾನ್ ಎಳೆ ಹಿಡಿದು ಅಂದಳು, ಕಣ್ಮುಚ್ಕೊಳ್ಳಿ ಚಾಚಾ, ನಾನು ಮುಟ್ಟಿದಾಗೆಲ್ಲ ಹಾಂ ಅನ್ನಿ. ಮುಚ್ಚಿದ. ಮೊದಲು ಕಾಲು, ಆಮೇಲೆ ಕೈ. ಏನೂ ಇಲ್ಲ, ಕತ್ತಲೆ, ಫ್ಯಾನಿನ ಸದ್ದು, ಹೊರಗೆ ಯಾವುದೋ ಫೋರ್ ಸ್ಟ್ರೋಕ್ ಬುಲೆಟ್, ಆದರೆ ಅವಳ ಬಳೆ ಪ್ರತಿ ಸಲ ಸಣ್ಣಗೆ ಅಲುಗುತ್ತದೆ, ಎರಡು ಉಸಿರಿಗೊಮ್ಮೆ, ಓಹೋ, ಇದಕ್ಕೂ ಒಂದು ಟೈಮಿಂಗ್ ಇದೆ ಎಂದು ಖುಷಿಯಾಯಿತು ಅವನಿಗೆ, ಹಾಂ ಅಂದ, ಎರಡು ಉಸಿರು, ಹಾಂ, ಎರಡು ಉಸಿರು, ಹಾಂ. ಚಾಚಾ, ಈಗ ನಾನು ಮುಟ್ಟೇ ಇಲ್ಲ ಅಂದಳು. ಕಣ್ಣು ಬಿಟ್ಟರೆ ಅವಳು ಕೈ ಮೇಲೆತ್ತಿ ಸುಮ್ಮನೆ ಬಳೆ ಅಲುಗಿಸುತ್ತಿದ್ದಾಳೆ. ಅರವತ್ತೆರಡರ ಗಂಡಸು ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ನಕ್ಕ, ಅವಳು ನಗಲಿಲ್ಲ, ಶುಗರ್ ನರ ತಿಂದಿದೆ ಚಾಚಾ, ಹೋದದ್ದು ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ ಅಂದಳು. ಇರುವುದು ಯಾವುದು, ಎಲ್ಲೆಲ್ಲಿ ಇದೆ, ಅವತ್ತಿನಿಂದ ಅದೇ ಹುಡುಕಾಟ, ಉಪ್ಪುಕಾಗದ ಉಜ್ಜಿ ನೋಡಿದ, ಮೊಣಕೈಗೆ ತಿಳಿಯುತ್ತದೆ, ಮುಂಗೈಗೆ ಅರ್ಧ, ಕಿರುಬೆರಳಿಗೆ ಇಲ್ಲ, ಇರುವೆ ಬಿಟ್ಟುಕೊಂಡ, ಮಣಿಕಟ್ಟಿನವರೆಗೆ ಬರುವತನಕ ಇರುವೆ ಇದೆಯೆಂದೇ ಗೊತ್ತಿಲ್ಲ, ಎಲ್ಲಿ ಗಡಿ, ಒಂದು ಗೆರೆ ಇರಬೇಕಲ್ಲ, ಇಲ್ಲಿಯವರೆಗೆ ಅಕ್ತರ್, ಇಲ್ಲಿಂದಾಚೆ ಬರೀ ಮಾಂಸ. ಯಾರಿಗೂ ಹೇಳಲಿಲ್ಲ, ಗುಲ್ಷನ್‌ಗೂ ಇಲ್ಲ.

ಈಗ ಕಾಗದ ಸಿಗಿಸಿದ್ದಾನೆ, ಎಳೆಯುತ್ತಿದ್ದಾನೆ, ಎಳೆಯುತ್ತಿದ್ದಾನೆಂದು ಕಣ್ಣು ಹೇಳುತ್ತಿದೆ, ಬೆರಳು ಹೇಳುತ್ತಿಲ್ಲ, ಪಟ್ಟನೆ ಕಾಗದ ಹರಿಯಿತು. ಇನ್ನೊಂದು. ಹರಿಯಿತು. ಮೂರನೆಯದು ಹರಿಯಲಿಲ್ಲ, ಕೈಗೆ ಬಂದೇಬಿಟ್ಟಿತು, ಯಾವಾಗ ಬಂತೋ. ಕಷ್ಟ ಇದೆಯೇನಯ್ಯ ಎಂದು ವೆಂಕಟಸ್ವಾಮಿ ಆಚೆಯಿಂದ ಕೇಳಿದರು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅಕ್ತರ್ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ, ಇಲ್ಲ ಸ್ವಾಮಣ್ಣ, ಪಾಯಿಂಟ್ ಸ್ವಲ್ಪ ಸವೆದಿದೆ ಅಂದ. ಎಷ್ಟು ಸಲೀಸಾಗಿ ಬಂತು ಸುಳ್ಳು. ಇರಲಿ ಬಿಡು, ಗೋಡೆಗ್ ಹಾಕೋ ಗಾಡಿಗೆ ಎಷ್ಟಾದ್ರೆ ಸಾಕು ಅಂದರು, ಅಂದವರ ದನಿ ಕೊನೆಗೆ ಸ್ವಲ್ಪ ಒಡೆಯಿತು, ಅದು ಕಿವಿಗೆ ಚೆನ್ನಾಗಿ ಕೇಳಿಸಿತು, ಕಿವಿ ಇನ್ನೂ ಹೋಗಿಲ್ಲವಲ್ಲ. ತೊಂಬತ್ತರಲ್ಲಿ ಕೊಂಡ ಗಾಡಿ, ಇದೇ ಗಾಡಿಯಲ್ಲಿ ಮುನಿವೆಂಕಟಮ್ಮನನ್ನು ಹೆರಿಗೆಗೆ ಕರೆದುಕೊಂಡು ಹೋಗಿದ್ದೆ, ಹಳ್ಳ ಬಂದ ಕಡೆಯೆಲ್ಲ ಇಳಿಸಿ ನಡೆಸಿದ್ದೆ ಎಂದು ಎಷ್ಟು ಸಲ ಹೇಳಿದ್ದಾರೆ. ನಾನೊಂದ್ ಚಹಾ ಕುಡಿದ್ ಬರ್ತೀನಿ, ನಿಂಗೂ ಹೇಳ್ಲಾ, ಸಕ್ಕರೆ ಇಲ್ದೆ ಅಲ್ವಾ ಎಂದು ಎದ್ದರು. ಹಳದಿ ಕಾಲು ನೆಲಕ್ಕೆ ಊರಿತು, ಎತ್ತಿತು, ಊರಿತು, ಎತ್ತಿತು, ಊರಿದಾಗಲೆಲ್ಲ ಬೆರಳುಗಳು ಮುದುಡುತ್ತವೆ, ನೋಯುತ್ತಿದೆ, ಎಷ್ಟು ಚೆನ್ನಾಗಿ ನೋಯುತ್ತಿದೆ ಆ ಕಾಲಿಗೆ ಎಂದು ಅಕ್ತರ್‌ಗೆ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು, ಆದ ಮೇಲೆ ನಾಚಿಕೆಯಾಯಿತು, ಥೂ. ಮೂರು ಮಾತು ಸಾಕು, ತಪ್ಪು ನಿಮ್ದಲ್ಲ ಸ್ವಾಮಣ್ಣ, ಅಷ್ಟು ಹೇಳಿದರೆ ಆ ಮನುಷ್ಯ ಗಾಡಿ ಮಾರುವುದಿಲ್ಲ, ಅಷ್ಟು ಹೇಳಿದರೆ ಹಾಗಾದರೆ ಯಾರದು ಎಂಬ ಪ್ರಶ್ನೆ ಬರುತ್ತದೆ, ನನ್ನದು ಎಂದ ಮೇಲೆ ಮರಗಟ್ಟಿದ ಬೆರಳಿನವನ ಅಂಗಡಿಗೆ ಗಾಡಿ ತರುವವರು ಯಾರು. ಹೇಳದಿದ್ದರೆ ನಾಲ್ಕು ಗಂಟೆಗೆ ಟೆಂಪೊ ಬರುತ್ತದೆ, ಗಾಡಿ ಗೋಡೆಗೆ, ಸ್ವಾಮಣ್ಣ ಮೂಲೆಗೆ, ಅಕ್ತರ್‌ಗೆ ಇನ್ನೂ ನಾಲ್ಕು ದಿನ ಉಸ್ತಾದ್ ಅನ್ನಿಸಿಕೊಳ್ಳುವ ಸುಖ.

ಮೇಲೆ ಮನೆಯ ತಾರಸಿಯಲ್ಲಿ ಗುಲ್ಷನ್ ಬಟ್ಟೆ ತೆಗೆಯುತ್ತಿದ್ದಾಳೆ, ಇಲ್ಲಿಂದ ಕಾಣುತ್ತಾಳೆ, ಒಂದೊಂದು ಬಟ್ಟೆಯನ್ನೂ ಎತ್ತಿ ಬಾಯಿಗೆ ಒತ್ತಿಕೊಳ್ಳುತ್ತಾಳೆ, ಮೂವತ್ತೈದು ವರ್ಷದಿಂದ ನೋಡಿದ್ದು, ಯಾವತ್ತೂ ಕೇಳಲಿಲ್ಲ, ಇವತ್ತು ಕೂತಲ್ಲಿಂದಲೇ ಕೂಗಿದ, ಏನದು, ಬಟ್ಟೆಗೆ ಮುತ್ತು ಕೊಡ್ತಿದೀಯಾ. ಗೀಲಾ ಹೈ ಕಿ ನೈ ದೇಖ್ತೀ ಜೀ, ಎಂದು ಅವಳು ಕೂಗಿದಳು, ಹಸಿ ಆರಿದೆಯೋ ಇಲ್ಲವೋ ಕೈಗೆ ಎಲ್ಲಿ ಗೊತ್ತಾಗುತ್ತೆ, ಪಾತ್ರೆ ತಿಕ್ಕಿ ತಿಕ್ಕಿ ಕೈ ಒರಟಾಗಿದೆ, ತುಟಿಗೆ ಗೊತ್ತಾಗುತ್ತೆ, ಅಷ್ಟೂ ಗೊತ್ತಿಲ್ವಾ. ಗೊತ್ತಿರಲಿಲ್ಲ. ತುಟಿ. ಇರುವೆ, ಉಪ್ಪುಕಾಗದ, ಮೊಣಕೈ, ಎಲ್ಲ ನೋಡಿದ, ತುಟಿ ನೋಡಲಿಲ್ಲ. ಅಕ್ತರ್ ಕಾಗದವನ್ನು ಈ ಸಲ ಉದ್ದಕ್ಕೆ ಹರಿದ, ಎಂಜಲು ಪಾಯಿಂಟಿನವರೆಗೆ ಹೋಗಬಾರದು, ಗೇರಿಗೆ ಹಾಕಿ ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು ಪಿಸ್ಟನ್ನನ್ನು ಮೂರರಲ್ಲೇ ನಿಲ್ಲಿಸಿದ, ಗೋಣಿಚೀಲದ ಮೇಲೆ ಅಡ್ಡಲಾಗಿ ಮಲಗಿ, ಕರು ಕೆಚ್ಚಲಿಗೆ ಹೋಗುವ ಹಾಗೆ ಇಂಜಿನ್ನಿನ ಪಕ್ಕಕ್ಕೆ ಮುಖ ತೂರಿಸಿ ಕಾಗದದ ತುದಿಯನ್ನು ತುಟಿಯಲ್ಲಿ ಹಿಡಿದ. ಪೆಟ್ರೋಲ್ ವಾಸನೆ, ಹೊಗೆಸೊಪ್ಪಿನ ರುಚಿ, ತವರದ ತಂಪು, ಮೊದಲ ಎಳೆತಕ್ಕೇ ಮೈ ಝುಮ್ಮೆಂದಿತು, ಇದೆ, ಹಿಡಿದುಕೊಂಡಿದೆ, ಆ ಕಡೆ ಯಾರೋ ಹಿಡಿದುಕೊಂಡಿದ್ದಾರೆ, ಎಷ್ಟು ದಿನವಾಗಿತ್ತು ಕಾಗದ ಮಾತಾಡಿ. ಮತ್ತೆ ನೋಡಿದರೆ ಎರಡು ಕೈಯೂ ಖಾಲಿ, ಒಂದರಲ್ಲಿ ಪ್ಲೇಟು ಸರಿಸಬಹುದು, ಇನ್ನೊಂದರಲ್ಲಿ ತಿರುಪು ಬಿಗಿಯಬಹುದು, ಬಿಗಿಯುವಾಗ ಜಾರುವ ಭಯವೇ ಇಲ್ಲ, ನಲವತ್ತು ವರ್ಷ ಮೂರನೆಯ ಕೈ ಇಲ್ಲವಲ್ಲ ಎಂದು ಒದ್ದಾಡಿದೆವಲ್ಲ ಉಸ್ತಾದ್, ಮುಖದಲ್ಲೇ ಇತ್ತಲ್ಲ. ಹಿಡಿದಿದೆ, ಪ್ಲೇಟು ಕೂದಲೆಳೆ ಸರಿಯಿತು, ಹಿಡಿದಿದೆ, ಇನ್ನೊಂದೆಳೆ, ಹಿಡಿದಿದೆ, ಇನ್ನೊಂದು — ಬಿಟ್ಟಿತು. ನಿದ್ದೆ ಹೋಗುವ ಮಗು ಬೆರಳು ಬಿಟ್ಟ ಹಾಗೆ ಬಿಟ್ಟಿತು. ಅಕ್ತರ್ ತಿರುಪು ಬಿಗಿದ, ಕಣ್ಣಲ್ಲಿ ನೀರು ಬಂತು, ಪೆಟ್ರೋಲಿನದಲ್ಲ. ಆಗ ಗಾಡಿಯ ಅಡಿಯಿಂದ, ನೆಲದ ಮಟ್ಟದಲ್ಲಿ, ಗಲ್ಲಿಯ ಆಚೆಯಿಂದ ಬರುತ್ತಿರುವ ಕಾಲುಗಳು ಕಂಡವು, ಒಂದು ಕಪ್ಪು, ಒಂದು ಹಳದಿ, ಊರಿತು, ಎತ್ತಿತು, ಇನ್ನು ಹತ್ತು ಹೆಜ್ಜೆ ಇದೆ, ಕಾಗದ ಉಗಿದು ಎದ್ದು ಕೂತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಕೆಲಸ ಸರಿಯಾಗಿದೆ, ಮಾನವೂ ಉಳಿಯಿತು, ಎಂಟು ಹೆಜ್ಜೆ, ಉಗಿ, ಇನ್ನೂ ಇಪ್ಪತ್ತು ವರ್ಷ ಬಾಗಿಲು ಹಾಕಿಕೊಂಡು ಹೀಗೇ ಮಾಡಬಹುದು, ಐದು, ಹೆಬ್ಬೆರಳ ಉಗುರಿನ ಸಂದಿಯಲ್ಲೂ ಹಳದಿ, ಮೂರು, ಉಗಿಯೋ ಕೋತಿ ಉಗಿ, ಅಕ್ತರ್ ಉಗಿಯಲಿಲ್ಲ.

ಏನಯ್ಯ ಅದು ಬಾಯಲ್ಲಿ, ಎಂದರು ವೆಂಕಟಸ್ವಾಮಿ, ಎರಡು ಕೈಯಲ್ಲಿ ಎರಡು ಲೋಟ. ಅಕ್ತರ್ ಮಲಗಿದ್ದಲ್ಲಿಂದಲೇ, ಕಾಗದ ಇನ್ನೂ ಕೆಳತುಟಿಗೆ ಅಂಟಿಕೊಂಡಿರುವಾಗಲೇ ಹೇಳಿದ, ಮುಖ ನೋಡಿ ಹೇಳಲು ಆಗುತ್ತಿರಲಿಲ್ಲ, ಕಾಲಿಗೇ ಹೇಳಿದ, ಸ್ವಾಮಣ್ಣ, ಅವತ್ತು ತಪ್ಪು ನಿಮ್ ಕಾಲ್ದಲ್ಲ, ಟೈಮಿಂಗ್ ನಾನೇ ಕೆಡ್ಸಿದ್ದೆ, ಮೂರ್ ಇರಬೇಕಾದ್ ಕಡೆ ಐದ್ ಇಟ್ಟಿದ್ದೆ, ಬೆರಳಿಗೆ ಏನೂ ತಿಳೀತಿಲ್ಲ ನಂಗೆ, ಶುಗರ್, ಹೋಗ್ಬಿಟ್ಟಿದಾವೆ, ಅದಕ್ಕೇ ಇವತ್ತು ಬಾಯಲ್ಲಿ. ಲೋಟಗಳು ಅಂಗಡಿ ಕಟ್ಟೆಯ ಮೇಲೆ ಇಳಿದ ಸದ್ದು. ಹಳದಿ ಕಾಲು ಒಂದು ಹೆಜ್ಜೆ ಹತ್ತಿರ ಬಂತು. ಅಂದ್ರೆ ನಂದಲ್ವಾ, ಎಂದು ಕೇಳಿದರು. ನಿಮ್ದಲ್ಲ. ಕಿಕ್ಕರ್ ನಾನ್ ಸರೀಗೇ ತುಳಿದಿದ್ನಾ. ಸರಿಯಾಗೇ ತುಳಿದಿದ್ರಿ. ಎಂಟ್ ದಿನ ಕಣೋ, ಎಂದರು, ದನಿ ಏರಿತು, ಎಂಟ್ ದಿನ ನನ್ನ ಮುದುಕನ್ ಮಾಡಿ ಕೂರ್ಸಿದ್ಯಲ್ಲೋ, ಕೋಲ್ ತಂದ್ಕೊಟ್ಟವ್ಳೆ ನನ್ ಹೆಂಡ್ತಿ, ಕೋಲು, ಬೆಳಿಗ್ಗೆಯಿಂದ ಎದುರಿಗ್ ಕೂತಿದ್ದೀನಿ, ಆಗ್ಲೇ ಹೇಳಕ್ಕೆ ನಿಂಗೇನ್ ಬಂದಿತ್ತು. ಬೈಯಲಿ, ಬೈಯಬೇಕು, ಇನ್ನೂ ಬೈಯಲಿ ಎಂದು ಅಕ್ತರ್ ಎದ್ದು ಕೂತು ನೋಡಿದರೆ ಆ ಮುಖದಲ್ಲಿ ಸಿಟ್ಟೂ ಇದೆ, ಸಿಟ್ಟಿನ ಅಡಿಯಿಂದ ಇನ್ನೇನೋ ಮೇಲಕ್ಕೆ ಬರುತ್ತಿದೆ, ಸಂತೋಷ, ತಡೆಯಲಾರದ ಸಂತೋಷ, ತಪ್ಪು ತನ್ನದಲ್ಲವಂತೆ, ಮುದುಕನಲ್ಲವಂತೆ, ಹುಬ್ಬು ಗಂಟಿಕ್ಕಿಯೇ ಇವೆ, ಬಾಯಿ ಮಾತ್ರ ಮಾತು ಕೇಳುತ್ತಿಲ್ಲ. ಆ ಟೆಂಪೊ ಬಂದ್ರೆ ಖಾಲಿ ವಾಪಸ್ ಕಳ್ಸು ಅಂದರು. ಬೆರಳಿನ ಬಗ್ಗೆ ಒಂದು ಮಾತಿಲ್ಲ, ಅಯ್ಯೋ ಪಾಪ ಇಲ್ಲ, ಯಾರಿಗೂ ಹೇಳಲ್ಲ ಬಿಡು ಅನ್ನುವುದೂ ಇಲ್ಲ. ಪ್ಲಗ್ ಹಾಕು ಅಂದರು. ಹಾಕಿದ, ಇಟ್ಟಿಗೆ ತೆಗೆದ, ನ್ಯೂಟ್ರಲ್ಲಿಗೆ ತಂದ, ಪಾಯಿಂಟನ್ನು ಪೆಟ್ರೋಲಿನಲ್ಲಿ ಒರೆಸಿ ಕವರ್ ಮುಚ್ಚಿದ, ನಾನೇ ಹೊಡೀತೀನಿ ಸ್ವಾಮಣ್ಣ ಅಂದ. ನೀನ್ ಪಕ್ಕಕ್ ಬಾ. ಹಂಗಾದ್ರೆ ಕೆಳಗ್ ನಿಂತ್ಕೊಂಡು ಬಲಗಾಲಲ್ಲಿ ತುಳೀರಿ, ಕಿಕ್ಕರ್ ಎಡಕ್ಕಿದ್ರೂ ಬಲಗಾಲಲ್ಲಿ ಬರುತ್ತೆ, ನೋವಿರೋ ಕಾಲ್ ಬೇಡ. ಮೂವತ್ತೈದ್ ವರ್ಷದಿಂದ ಈ ಕಾಲಲ್ಲೇ ತುಳ್ದಿರೋದು, ಎಂದು ವೆಂಕಟಸ್ವಾಮಿ ಗಾಡಿ ಹತ್ತಿ ಕೂತರು, ಜಿಡ್ಡಿಗೆ ಜಾರುತ್ತದೆಂದು ಹವಾಯಿ ಚಪ್ಪಲಿ ಕಳಚಿ ಬಿಟ್ಟರು. ಮೂರೇ ತಾನೇ ಇಟ್ಟದ್ದು, ತುಟಿ ಹೇಳಿದ್ದು ನಿಜ ತಾನೇ, ನಲವತ್ತು ವರ್ಷ ನಿಜ ಹೇಳಿದ ಬೆರಳೇ ಒಂದು ದಿನ ಹೇಳದೆ ಕೇಳದೆ ಸುಳ್ಳಾಯಿತಲ್ಲ, ಇನ್ನೊಂದು ಸಲ ನೋಡಬೇಕಿತ್ತು, ತಡೀರಿ ಅನ್ನಬೇಕು, ಅಲ್ಲ, ಅದು ಬಿಟ್ಟದ್ದು ಗೊತ್ತಾಯಿತಲ್ಲ, ಇನ್ನೂ ತುಟಿಯ ಮೇಲಿದೆ ಆ ಬಿಟ್ಟದ್ದು, ಈ ಮನುಷ್ಯನಿಗೆ ಈಗ ಎಲ್ಲ ಗೊತ್ತಿದೆ, ಯಾರ ಕೈ ಇಟ್ಟದ್ದು, ಆ ಕೈಯಲ್ಲಿ ಏನು ಉಳಿದಿಲ್ಲ, ಎಲ್ಲ ಗೊತ್ತಿದ್ದೂ ಇನ್ನೊಂದು ಕಾಲಿರುವಾಗ ಇದನ್ನೇ, ಇದನ್ನೇ ಎತ್ತುತ್ತಿದ್ದಾರೆ, ಉಬ್ಬಿದ ಹರಡು, ಬರಿಗಾಲು, ಕಿಕ್ಕರಿನ ರಬ್ಬರಿನ ಮೇಲೆ ಬಂದು ಕೂತಿತು, ಬೆರಳುಗಳು ಮುದುಡಲಿಲ್ಲ, ಹಳದಿ ಕಾಲು, ಮೈಭಾರವೆಲ್ಲ ಅದರ ಮೇಲೆ, ಹಳದಿ ಕಾಲು —